ಹತ್ತನೇ ಕ್ಲಾಸಿನ ಹುಡುಗಿ ಹಾಡೋಕೆ ಹೋಗಬೇಕಾ, ಬೇಡ್ವಾ?

ಪ್ರಶ್ನೆ: ಸರ್, ನಾವು ಹಾಸನ ಜಿಲ್ಲೆಯ ಒಂದು ಹಳ್ಳಿಯವರು. ಒಂದಿಷ್ಟು ತೆಂಗು, ರಾಗಿ, ಎರಡು ಹಸು ಇವೆ. ಮಗಳು ಪಕ್ಕದೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ಒಂದನೇ ಕ್ಲಾಸಿನಿಂದ ಹಳ್ಳಿ ಶಾಲೆಯಲ್ಲೇ ಓದಿದವಳು. ಥ್ರೋಬಾಲ್ ಟೀಮಿನಲ್ಲಿದ್ದಾಳೆ, ಸೆಪ್ಟೆಂಬರಿನಲ್ಲಿ ಜಿಲ್ಲಾ ಮಟ್ಟದವರೆಗೂ ಹೋಗಿ ಸೋತು ಬಂದರು. ಈಗ ಪ್ರತಿಭಾ ಕಾರಂಜಿಯ ಜಾನಪದ ಗೀತೆಯಲ್ಲಿ ತಾಲ್ಲೂಕಿಗೆ ಮೊದಲು ಬಂದಿದ್ದಾಳೆ. ಮುಂದಿನ ತಿಂಗಳು ಜಿಲ್ಲೆಗೆ ಹೋಗಬೇಕು. ಶಾಲಾ ಸಂಸತ್ತಿನಲ್ಲಿ ಸಾಂಸ್ಕೃತಿಕ ಮಂತ್ರಿ ಬೇರೆ. ಡಿಸೆಂಬರಿನಲ್ಲಿ ವಾರ್ಷಿಕೋತ್ಸವ, ಅದರ ಡ್ಯಾನ್ಸ್ ಪ್ರಾಕ್ಟೀಸ್ ಈಗಲೇ ಶುರುವಾಗಿದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತ 78ರಿಂದ 51ಕ್ಕೆ ಇಳಿದಿದೆ, ವಿಜ್ಞಾನ 75ರಿಂದ 58ಕ್ಕೆ. ಬೇರೆ ವಿಷಯಗಳು ಹೆಚ್ಚುಕಮ್ಮಿ ಹಾಗೇ ಇವೆ. ಪೇಟೆಯಲ್ಲಿರುವ ನಮ್ಮ ಭಾವನವರ ಮಗ ಓದುವ ಖಾಸಗಿ ಶಾಲೆಯಲ್ಲಿ ಹತ್ತನೇ ಕ್ಲಾಸಿನವರಿಗೆ ಆಟವೂ ಇಲ್ಲ, ಹಾಡೂ ಇಲ್ಲ, ಬೆಳಿಗ್ಗೆ ಏಳರಿಂದ ರಾತ್ರಿವರೆಗೆ ಓದು ಒಂದೇ. "ಎಲ್ಲ ಬಿಡಿಸು, ಇಲ್ಲಾಂದ್ರೆ ಟಿಸಿ ತಗೊಂಡು ಬಾ, ಇಲ್ಲೇ ಸೇರಿಸೋಣ" ಅಂತಾರೆ ಭಾವನವರು. ಹೆಡ್‌ಮಾಸ್ಟರ್ "ಸರ್ಟಿಫಿಕೇಟ್ ಮುಂದೆ ಸೀಟಿಗೆ ಉಪಯೋಗಕ್ಕೆ ಬರುತ್ತದಮ್ಮ, ಕಳಿಸಿ" ಅಂತಾರೆ. ಹಾಡು ಬಿಡು ಅಂದರೆ ಮಗಳು ಅಳುತ್ತಾಳೆ. ಏನು ಮಾಡಲಿ? ಮಗ ಅದೇ ಶಾಲೆಯಲ್ಲಿ ಎಂಟನೇ ಕ್ಲಾಸು. ಅವನದೇನೂ ತೊಂದರೆ ಇಲ್ಲ. ಯಾವುದಕ್ಕೂ ಸೇರಲ್ಲ. ಮನೆಯಲ್ಲಿ ಮಿಕ್ಸಿ, ಟಾರ್ಚು ಬಿಚ್ಚುತ್ತಾ ಕೂತಿರುತ್ತಾನೆ. "ನನ್ನ ಹೆಸರು ಸ್ಕೂಲಲ್ಲಿ ಯಾರಿಗೂ ಗೊತ್ತಿಲ್ಲ ಬಿಡಮ್ಮ" ಅಂತ ನಗ್ತಾನೆ ಅಷ್ಟೆ.

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ಮಗಳ ಅಂಕ ಕಣ್ಣಿಗೆ ಬಿತ್ತು. ಎರಡನೇ ಸಲ ಮಗನ ಮಾತು. ಅವನದೇನೂ ತೊಂದರೆ ಇಲ್ಲ ಎಂದು ಬರೆದಿದ್ದೀರಿ. ನನಗೆ ಹಾಗನ್ನಿಸಲಿಲ್ಲ. ಅವನ ವಿಷಯ ಆಮೇಲೆ ಮಾತಾಡೋಣ. ಮೊದಲು ನೀವು ಕೇಳಿದ್ದು.

ನಾನು 22 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟೆ. ಆಮೇಲೆ ಒಂಬತ್ತು ವರ್ಷ ಹೆಡ್‌ಮಾಸ್ಟರ್ ಆಗಿದ್ದೆ. ದಸರಾ ರಜೆ ಮುಗಿದು ಶಾಲೆ ಬಾಗಿಲು ತೆಗೆದ ವಾರ ಹತ್ತನೇ ಕ್ಲಾಸಿನ ಅಪ್ಪ-ಅಮ್ಮಂದಿರು ಅರ್ಧವಾರ್ಷಿಕದ ಅಂಕಪಟ್ಟಿ ಹಿಡಿದು ಬರುತ್ತಿದ್ದರು. ಹೆಚ್ಚಿನವರದು ಒಂದೇ ಮಾತು: "ಆಟ ಆಡಿಸಿ ಹಾಳು ಮಾಡಿದ್ರಿ." ಹುಡುಗ ಆಟಕ್ಕೆ ಸೇರಿರದಿದ್ದರೆ "ಮೊಬೈಲು ಹಾಳು ಮಾಡಿತು." ಎರಡೂ ಕೆಲವು ಸಲ ನಿಜ. ಆದರೆ ಅಂಕ ಎಷ್ಟು ಇಳಿದಿದೆ ಅನ್ನುವುದಕ್ಕಿಂತ ಎಲ್ಲಿ ಇಳಿದಿದೆ ಅಂತ ನೋಡಿದರೆ ಕಾರಣ ತಾನಾಗೇ ಗೊತ್ತಾಗುತ್ತದೆ.

ನಿಮ್ಮ ಮಗಳದ್ದೇ ನೋಡಿ. ಹಾಡಿಗೆ, ಡ್ಯಾನ್ಸಿಗೆ ಮಕ್ಕಳನ್ನು ಕ್ಲಾಸಿನಿಂದ ಕರೆದುಕೊಂಡು ಹೋಗುವುದು ಯಾವ ಪೀರಿಯಡ್‌ನಲ್ಲಿ? ಸಾಮಾನ್ಯವಾಗಿ ಕೊನೆಯ ಎರಡರಲ್ಲಿ. ಬಹುತೇಕ ಶಾಲೆಗಳಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಬೆಳಿಗ್ಗೆ ಹಾಕಿರುತ್ತಾರೆ. ಬಿಸಿಯೂಟ ಆದ ಮೇಲೆ ಸಮಾಜ, ಹಿಂದಿ. ಪ್ರಾಕ್ಟೀಸಿನಿಂದಲೇ ಅಂಕ ಹೋಗಿದ್ದರೆ ಸಮಾಜ, ಹಿಂದಿಯಲ್ಲಿ ಹೋಗಬೇಕಿತ್ತು. ಅವು ಹಾಗೇ ಇವೆ ಅಂತ ನೀವೇ ಬರೆದಿದ್ದೀರಿ. ಇಳಿದಿರುವುದು ಗಣಿತ, ವಿಜ್ಞಾನ. ಶಾಲೆಯ ಟೈಮ್‌ಟೇಬಲ್ ಒಂದು ಸಲ ನೋಡಿ ಖಾತ್ರಿ ಮಾಡಿಕೊಳ್ಳಿ. ನಾನು ಹೇಳಿದ ಹಾಗೇ ಇದ್ದರೆ, ಹಾಡಿನ ಮೇಲೆ ಹೊರಿಸಿರುವ ತಪ್ಪು ಹಾಡಿನದಲ್ಲ.

ಹಾಗಾದರೆ ಯಾರದು? ಹತ್ತನೇ ಕ್ಲಾಸಿನ ಗಣಿತ ಒಂಬತ್ತರ ಮೇಲೆ ನಿಂತಿದೆ. ಒಂಬತ್ತು ಎಂಟರ ಮೇಲೆ. ಒಂಬತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಪುಸ್ತಕದ ಲೆಕ್ಕಗಳನ್ನೇ ಬಾಯಿಪಾಠ ಮಾಡಿದ ಮಗು 78 ತೆಗೆಯಬಹುದು. ಹತ್ತಕ್ಕೆ ಬಂದಾಗ ಪ್ರಶ್ನೆ ಬೋರ್ಡ್ ಪರೀಕ್ಷೆಯ ಮಾದರಿಗೆ ಬದಲಾಗುತ್ತದೆ, ಸ್ವಲ್ಪ ತಿರುಚಿ ಕೇಳುತ್ತಾರೆ. ವರ್ಗ ಸಮೀಕರಣ ಮಾಡಬೇಕಾದರೆ ಅಪವರ್ತಿಸುವುದು ಗೊತ್ತಿರಬೇಕು. ಅದಕ್ಕೆ ಮೈನಸ್ಸು, ಪ್ಲಸ್ಸು ಕೈಗೆ ಹತ್ತಿರಬೇಕು. ವಿಜ್ಞಾನದಲ್ಲಿ ವಿದ್ಯುತ್ತಿನ ಪಾಠ ಬಂದರೂ ಅಷ್ಟೆ, ಅದರ ಅರ್ಧ ಲೆಕ್ಕವೇ. ಹಾಗಾಗಿ ಗಣಿತ ಬಿದ್ದರೆ ಅದರ ಬೆನ್ನಿಗೆ ವಿಜ್ಞಾನವೂ ಬೀಳುತ್ತದೆ. ನಿಮ್ಮ ಮಗಳದ್ದು ಇದೇ ಜೋಡಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ನಿಮಗೆ ಗಣಿತ ಬರದಿದ್ದರೂ ಪರವಾಗಿಲ್ಲ, ಉತ್ತರ ನಾನೇ ಕೊಡುತ್ತೇನೆ. ಮಗಳನ್ನು ಅಡುಗೆಮನೆಯಲ್ಲಿ ಹತ್ತಿರ ಕೂರಿಸಿಕೊಂಡು ಕೇಳಿ. ಮೈನಸ್ 3ರಿಂದ ಮೈನಸ್ 5 ಕಳೆದರೆ ಎಷ್ಟು? ಉತ್ತರ 2. 2/3ಕ್ಕೆ 3/4 ಕೂಡಿಸಿದರೆ? 17/12. ಕೂಡಿದರೆ ಮೈನಸ್ 1, ಗುಣಿಸಿದರೆ ಮೈನಸ್ 12 ಬರುವ ಎರಡು ಸಂಖ್ಯೆ ಯಾವುವು? 3 ಮತ್ತು ಮೈನಸ್ 4. ಮೂರನ್ನೂ ತಡವರಿಸದೆ ಹೇಳಿದರೆ ಬುನಾದಿ ಚೆನ್ನಾಗಿದೆ, ಅಭ್ಯಾಸ ಕಮ್ಮಿ ಆಗಿದೆ ಅಷ್ಟೆ. ಮೊದಲನೆಯದಕ್ಕೇ ಮೈನಸ್ 8 ಅಂದರೆ ತೊಂದರೆ ಏಳನೇ ಕ್ಲಾಸಿನಲ್ಲಿದೆ. ಆಗ ಹಾಡು ಬಿಡಿಸಿ, ಥ್ರೋಬಾಲ್ ಬಿಡಿಸಿ, ಮನೆಯಿಂದ ಆಚೆ ಬಿಡಬೇಡಿ, ಅಂಕ ಮಾತ್ರ ಏರಲ್ಲ.

ಇದನ್ನು ಸುಮ್ನೆ ಹೇಳುತ್ತಿಲ್ಲ. ನಮ್ಮ ಶಾಲೆಯಲ್ಲಿ ಒಬ್ಬಳು ಖೋ-ಖೋ ಹುಡುಗಿ ಇದ್ದಳು. ಅರ್ಧವಾರ್ಷಿಕದಲ್ಲಿ ಗಣಿತ ಬಿದ್ದುಹೋಯಿತು ಅಂತ ಅವರಪ್ಪ ಆಟ ಬಿಡಿಸಿದರು. ನಾನೂ ಆಗ ಹೊಸಬ, "ಸರಿಯಾಗೇ ಮಾಡಿದ್ರಿ" ಅಂದೆ. ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅಂಕ ಇನ್ನೂ ಎರಡು ಕಮ್ಮಿ ಬಂತು. ಉತ್ತರ ಪತ್ರಿಕೆ ಎದುರಿಗಿಟ್ಟುಕೊಂಡು ನೋಡಿದರೆ ಪ್ರತಿ ಲೆಕ್ಕದಲ್ಲೂ ವಿಧಾನ ಸರಿ, ಆವರಣ ಬಿಚ್ಚುವಾಗ ಮೈನಸ್ಸು ಕಳೆದುಹೋಗುತ್ತಿತ್ತು. ಪುಟದ ತುಂಬಾ ನಾನೇ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೆ. ಮೂರು ವರ್ಷ ಅದೇ ಸುತ್ತು ಹಾಕಿದ್ದೆ, ಕಾರಣ ನೋಡಿರಲಿಲ್ಲ. ಹದಿನೈದು ದಿನ ಬೆಳಿಗ್ಗೆ ಅರ್ಧ ಗಂಟೆ ಕೂರಿಸಿದ ಮೇಲೆ ಸರಿಹೋಯಿತು. ಆ ಅರ್ಧ ಗಂಟೆಗೆ ಖೋ-ಖೋ ಏನೂ ಅಡ್ಡಿ ಇರಲಿಲ್ಲ.

ಹಾಗಂತ ಕಾರ್ಯಕ್ರಮಗಳಿಂದ ಓದಿಗೆ ಪೆಟ್ಟೇ ಇಲ್ಲ ಅಂತಲ್ಲ. ಲೆಕ್ಕ ಹಾಕಿ ನೋಡೋಣ. ಹಾಡಿಗೆ ಕ್ಲಸ್ಟರ್ ಒಂದು ದಿನ, ತಾಲ್ಲೂಕು ಒಂದು ದಿನ, ಜಿಲ್ಲೆ ಒಂದು ದಿನ. ಆಟಕ್ಕೆ ಹೋಬಳಿ, ತಾಲ್ಲೂಕು, ಜಿಲ್ಲೆ ಸೇರಿ ನಾಲ್ಕೋ ಐದೋ ದಿನ. ಎಲ್ಲ ಸೇರಿಸಿದರೂ ವರ್ಷಕ್ಕೆ ಏಳೆಂಟು ದಿನ ದಾಟಲ್ಲ. ಸ್ಪರ್ಧೆಯ ದಿನಗಳು ಅಂಥ ನಷ್ಟವಲ್ಲ. ನಷ್ಟ ಇರುವುದು ಪ್ರಾಕ್ಟೀಸಿನಲ್ಲಿ. ವಾರ್ಷಿಕೋತ್ಸವದ ಡ್ಯಾನ್ಸಿಗೆ ದಿನಾ ಕೊನೆಯ ಎರಡು ಪೀರಿಯಡ್ ಅಂದರೆ ಇಪ್ಪತ್ತು ದಿನಕ್ಕೆ ನಲವತ್ತು ಪೀರಿಯಡ್. ದಿನಕ್ಕೆ ಏಳು ಪೀರಿಯಡ್ ಲೆಕ್ಕದಲ್ಲಿ ಸುಮಾರು ಆರು ಪೂರ್ತಿ ದಿನ, ಅದೂ ಒಂದು ಡ್ಯಾನ್ಸಿಗೆ. ಆ ನಲವತ್ತರಲ್ಲಿ ನಿಜವಾಗಿ ಕುಣಿಯುವುದು ಎಷ್ಟು ಹೊತ್ತು ಅಂತ ಯಾವ ಟೀಚರನ್ನಾದರೂ ಕೇಳಿ, ನಗುತ್ತಾರೆ. ಪೆನ್‌ಡ್ರೈವ್ ಹುಡುಕುವುದು, ಸ್ಪೀಕರಿಗೆ ವೈರು ಜೋಡಿಸುವುದು, ಯಾರು ಮುಂದಿನ ಸಾಲು ಅಂತ ಜಗಳ. ಪ್ರಾಕ್ಟೀಸು ಇಲ್ಲದ ದಿನವೂ "ಪ್ರಾಕ್ಟೀಸ್ ಇದೆ ಮೇಡಂ" ಅಂತ ಕ್ಲಾಸು ತಪ್ಪಿಸುವವರು ಬೇರೆ.

ಹೆಡ್‌ಮಾಸ್ಟರ್ ಹೇಳಿದ ಸರ್ಟಿಫಿಕೇಟ್ ವಿಷಯಕ್ಕೆ ಬರೋಣ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ, ನಾನೂ ಹೀಗೆ ಹೇಳಿ ಮಕ್ಕಳನ್ನು ಕಳಿಸಿದ್ದೇನೆ. ಆದರೆ ಪಿಯುಸಿ ಆದ ಮೇಲೆ ಇಂಜಿನಿಯರಿಂಗ್‌ನಂಥ ಕೋರ್ಸಿಗೆ ಸೀಟು ಹಂಚುವ ಸಿಇಟಿಯಲ್ಲಿ ಪ್ರತಿಭಾ ಕಾರಂಜಿಗೆ ಅಂತ ಸೀಟಿಲ್ಲ. ಅಲ್ಲಿ ವಿಶೇಷ ವರ್ಗ ಅಂತ ಇರುವುದು ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್, ಸೈನಿಕರ ಮಕ್ಕಳು ಇಂಥವರಿಗೆ. ಕ್ರೀಡೆಯಲ್ಲೂ ತಾಲ್ಲೂಕು, ಜಿಲ್ಲೆ ಮಟ್ಟದ ಪತ್ರ ಸಾಲದು, ಅದಕ್ಕಿಂತ ಮೇಲೆ ಆಡಿರಬೇಕು. ಸೀಟುಗಳೂ ಬಹಳ ಕಮ್ಮಿ. ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆಗಳು ಆಟದಲ್ಲಿ, ಕಲೆಯಲ್ಲಿ ನಿಜವಾಗಿಯೂ ಮುಂದಿರುವ ಮಕ್ಕಳನ್ನು ದತ್ತು ತೆಗೆದುಕೊಂಡು ಓದಿಸುತ್ತವೆ. ಅದು ಬೇರೆ ಮಟ್ಟದ ಮಾತು. ಸೀಟಿನ ಆಸೆಗೆ ಹಾಡಿಸಬೇಡಿ. ಅವಳಿಗೆ ಹಾಡು ಬೇಕು, ಅದಕ್ಕೇ ಅಳುತ್ತಾಳೆ. ಅಷ್ಟು ಕಾರಣ ಸಾಕು.

ಇನ್ನು ಭಾವನವರ ಮಾತು. ಅವರ ಮಗನ ಶಾಲೆಯ ಗೇಟಿನಲ್ಲಿ ಫ್ಲೆಕ್ಸ್ ಇರುತ್ತದೆ, ಅಲ್ವಾ? 625ಕ್ಕೆ ಇಷ್ಟು, 620ಕ್ಕಿಂತ ಮೇಲೆ ಇಷ್ಟು ಜನ ಅಂತ. ಆ ಫ್ಲೆಕ್ಸ್ ನೋಡಿ ನಮ್ಮ ಮಕ್ಕಳನ್ನು ಅಳೆಯುವ ಮುಂಚೆ ಕೆಲವು ಅಂಕಿ ನೋಡಿ. ರಾಜ್ಯದಲ್ಲಿ 625ಕ್ಕೆ 625 ತೆಗೆದವರು 2021ರಲ್ಲಿ 157 ಜನ. ಅದು ಕೊರೊನಾ ವರ್ಷ, ಎರಡೇ ದಿನದಲ್ಲಿ ಗುರುತು ಹಾಕುವ ಪರೀಕ್ಷೆ. 2022ರಲ್ಲಿ 145. 2023ರಲ್ಲಿ ನಾಲ್ಕೇ ಜನ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಆ ವರ್ಷ ಒಬ್ಬಳೇ ಹುಡುಗಿ. ಅವಳೂ ಪೇಟೆಯ ದೊಡ್ಡ ಶಾಲೆಯವಳಲ್ಲ, ಬಾಗಲಕೋಟೆ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು. 2025ರ ಮೊದಲ ಪರೀಕ್ಷೆಯಲ್ಲಿ 22 ಜನ. ಮಕ್ಕಳ ಬುದ್ಧಿ ಒಂದೇ ವರ್ಷದಲ್ಲಿ 145ರಿಂದ ನಾಲ್ಕಕ್ಕೆ ಇಳಿಯುತ್ತದಾ? ಬದಲಾಗಿದ್ದು ಪ್ರಶ್ನೆಪತ್ರಿಕೆ, ಪರೀಕ್ಷೆ ನಡೆಸುವ ರೀತಿ. ಫ್ಲೆಕ್ಸಿನವರು ಅದನ್ನು ಬರೆಯಲ್ಲ.

ಟಿಸಿ ಮಾತು ಮಾತ್ರ ಇಲ್ಲಿಗೇ ನಿಲ್ಲಿಸಿ. ಹತ್ತನೇ ಕ್ಲಾಸಿನ ನಡುವೆ ಶಾಲೆ ಬದಲಿಸುವುದೇ ಕಷ್ಟ, ಪರೀಕ್ಷೆಗೆ ಹೆಸರು ನೋಂದಾಯಿಸುವುದು ಶಾಲೆಯೇ. ಕನ್ನಡ ಮೀಡಿಯಂನಿಂದ ಇಂಗ್ಲಿಷ್‌ಗೆ ಹೋದರೆ ಅವಳಿಗೆ ಗೊತ್ತಿರುವ ದ್ಯುತಿಸಂಶ್ಲೇಷಣೆ, ಆಮ್ಲ, ಪ್ರತ್ಯಾಮ್ಲ ಎಲ್ಲವೂ ಪರೀಕ್ಷೆಗೆ ಕೆಲವೇ ತಿಂಗಳು ಇರುವಾಗ ಹೊಸ ಹೆಸರು ಹೊತ್ತು ಬರುತ್ತವೆ. ಎಲ್ಲಕ್ಕಿಂತ ಮುಖ್ಯ ಇನ್ನೊಂದಿದೆ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಹಾಗೆ ಓದಿರಬೇಕು. ನಿಮ್ಮ ಮಗಳಿಗೆ ಒಂಬತ್ತು ಮುಗಿದು ಹತ್ತನೆಯದು ಅರ್ಧ ಆಗಿದೆ. ಈಗ ಪೇಟೆಗೆ ಸೇರಿಸಿದರೆ ಎರಡೂ ಹೋಗುತ್ತವೆ. ಇದು ಗೊತ್ತಿಲ್ಲದೆ ಕೊನೆಯ ವರ್ಷ ಸಿಟಿಗೆ ಸೇರಿಸಿ, ಎರಡು ವರ್ಷದ ಮೇಲೆ ಗ್ರಾಮೀಣ ಪ್ರಮಾಣಪತ್ರಕ್ಕೆ ಬಿಇಒ ಆಫೀಸಿಗೆ ಅಲೆದ ಅಪ್ಪಂದಿರನ್ನು ನೋಡಿದ್ದೇನೆ. ಪ್ರತಿಭಾ ಕಾರಂಜಿಯ ಹಾಳೆಗಿಂತ ಈ ಹಾಳೆಯ ಬೆಲೆ ಎಷ್ಟೋ ಪಟ್ಟು ಜಾಸ್ತಿ.

ಹಾಗಾದರೆ ಈಗ ಏನು ಮಾಡಬಹುದು? ಎಲ್ಲ ಬಿಡಿಸುವುದು ಒಂದು ದಾರಿ. ಸಂಜೆ ಒಂದೂವರೆ ಗಂಟೆ ಉಳಿಯುತ್ತದೆ, ನಿಜ. ಆ ಹೊತ್ತು ಪುಸ್ತಕಕ್ಕೇ ಹೋಗುತ್ತದೆ ಅನ್ನುವ ಖಾತ್ರಿ ಇಲ್ಲ. ನಾನು ನೋಡಿದ ಮನೆಗಳಲ್ಲಿ ಹೆಚ್ಚಾಗಿ ಮೊಬೈಲಿಗೆ ಹೋಯಿತು, ಹುಡುಗಿಯರಾದರೆ ಅಡುಗೆಮನೆಗೆ. ಅದೂ ಅಲ್ಲದೆ ಗೆಳತಿಯರೆಲ್ಲ ಸ್ಟೇಜಿನ ಹಿಂದೆ ಓಡಾಡುವಾಗ ಕ್ಲಾಸಿನಲ್ಲಿ ಒಬ್ಬಳೇ ಕೂತ ಹುಡುಗಿ ಏನು ಓದಿಯಾಳು? ಎಲ್ಲ ಹಾಗೇ ಬಿಡುವುದು ಇನ್ನೊಂದು ದಾರಿ. ಅದರ ಅಪಾಯ ಮೇಲಿನ ನಲವತ್ತು ಪೀರಿಯಡ್.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಥ್ರೋಬಾಲ್ ಹೇಗೂ ಮುಗಿದಿದೆ, ಅದರ ಮಾತೇ ಬೇಡ. ಆದರೆ ಸಂಜೆ ಇಪ್ಪತ್ತು ನಿಮಿಷ ಚೆಂಡು ಎಸೆದುಕೊಂಡು ಬಂದರೆ ಬೈಯಬೇಡಿ, ಮೈ ಹಗುರಾಗುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಜಾನಪದ ಗೀತೆಗೆ ಜಿಲ್ಲೆಗೆ ಕಳಿಸಿ. ಹಾಡು ಒಬ್ಬಳೇ ಕಲಿಯುವಂಥದ್ದು, ಅದಕ್ಕೆ ಕ್ಲಾಸು ತಪ್ಪಬೇಕಿಲ್ಲ. ರಾಗಿ ಬೀಸುವ ಪದವೋ ಸೋಬಾನೆಯೋ, ಪಾತ್ರೆ ತೊಳೆಯುವಾಗ, ಹಸು ಕಟ್ಟುವಾಗ ಹಾಡಿಕೊಂಡರೆ ಪ್ರಾಕ್ಟೀಸ್ ಆಯಿತು. ಪದ ಅಜ್ಜಿಯಿಂದ ಕಲಿತಿದ್ದರಂತೂ ಇನ್ನೂ ಒಳ್ಳೆಯದು. ಯೂಟ್ಯೂಬಿನಿಂದ ಇಳಿಸಿಕೊಂಡ ಪದ ಹಾಡುವವರೇ ಜಾಸ್ತಿ ಬರುತ್ತಾರೆ, ತೀರ್ಪುಗಾರರು ಮೂರನೇ ಸಾಲಿಗೇ ಗುರುತು ಹಿಡಿಯುತ್ತಾರೆ. ಹಾಗೇನಾದರೂ ಗೆದ್ದು ರಾಜ್ಯ ಮಟ್ಟ ಬಂದರೆ ಪ್ರಯಾಣ ಸೇರಿ ಎರಡು ಮೂರು ದಿನ ಹೋಗುತ್ತದೆ. ಅದು ಪೂರ್ವಸಿದ್ಧತಾ ಪರೀಕ್ಷೆಯ ಹತ್ತಿರ ಬಂದರೆ ಮಾತ್ರ ಆಗ ಯೋಚನೆ ಮಾಡಿ, ಈಗಲೇ ಬೇಡ.

ಬಿಡಿಸಬೇಕಾದ್ದು ವಾರ್ಷಿಕೋತ್ಸವದ ಡ್ಯಾನ್ಸ್. ಇದಕ್ಕೆ ಅವಳು ಸ್ವಲ್ಪ ಮುಖ ಊದಿಸಬಹುದು. ಕಾರ್ಯಕ್ರಮದ ದಿನ ಅದೇ ಹಾಡು ಸ್ಟೇಜಿನಲ್ಲಿ ಹಾಡಲಿ, ಅದಕ್ಕೆ ಬೇರೆ ತಯಾರಿ ಬೇಡ. ಮಂತ್ರಿ ಹುದ್ದೆಯನ್ನು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಗೆ ಕೆಲಸ ಕಲಿಸುತ್ತಾ ದಾಟಿಸಲಿ. ಜೂನ್ ತಿಂಗಳಲ್ಲಿ ವೋಟು ಹಾಕಿಸಿಕೊಂಡು ಗೆದ್ದವಳು ಸುಮ್ಮನೆ ರಾಜೀನಾಮೆ ಕೊಡುವುದು ಚೆಂದವಲ್ಲ. ಸಂಜೆಯ ವಿಶೇಷ ತರಗತಿ ಇದ್ದರೆ ಅದನ್ನು ಯಾವ ಕಾರಣಕ್ಕೂ ತಪ್ಪಿಸಬಾರದು. ಇಷ್ಟನ್ನು ಹೆಡ್‌ಮಾಸ್ಟರ ಮುಂದೆ ಮಗಳನ್ನು ಕೂರಿಸಿಕೊಂಡೇ ಮಾತಾಡಿ. ಅವಳ ಬೆನ್ನ ಹಿಂದೆ ತೀರ್ಮಾನ ಮಾಡಬೇಡಿ.

ಜಿಲ್ಲೆಗೆ ಹೋಗುವ ದಿನದ ಬಗ್ಗೆ ಕೆಲವು ಪ್ರಶ್ನೆ ಶಾಲೆಯಲ್ಲಿ ಕೇಳಿ, ಸಂಕೋಚ ಬೇಡ. ಜೊತೆಗೆ ಯಾವ ಮೇಡಂ ಬರುತ್ತಾರೆ? ಬಸ್ಸೋ, ಬಾಡಿಗೆ ಗಾಡಿಯೋ? ವಾಪಸ್ ಎಷ್ಟು ಹೊತ್ತಿಗೆ? ಆ ದಿನದ ಹಾಜರಿ ಏನು ಮಾಡುತ್ತಾರೆ? ಎಸ್ಸೆಸ್ಸೆಲ್ಸಿಗೆ ಶೇ 75 ಹಾಜರಿ ಬೇಕು, ನಿಮ್ಮ ಮಗಳಿಗೆ ಅದು ತೊಂದರೆಯಾಗಲ್ಲ, ಆದರೂ ಕೇಳುವುದು ಒಳ್ಳೆಯದು. ನಮ್ಮಲ್ಲಿ ಹಾಜರಿ ಕೊಟ್ಟು ಪಕ್ಕದಲ್ಲಿ ಕಾರಣ ಬರೆಯುತ್ತಿದ್ದೆವು. ಬೆಳಿಗ್ಗೆ ಒಂಬತ್ತಕ್ಕೆ ಹೋದವಳು ಮೂರ್ನಾಲ್ಕು ನಿಮಿಷ ಹಾಡುವುದಕ್ಕೆ ಸಂಜೆ ನಾಲ್ಕರವರೆಗೆ ಕಾಯಬೇಕಾಗಬಹುದು. ಊಟ, ನೀರು, ಬೇಕಿದ್ದರೆ ಪ್ಯಾಡು ಬ್ಯಾಗಿನಲ್ಲಿರಲಿ. ಪಠ್ಯಪುಸ್ತಕ ಮಾತ್ರ ತುಂಬಿಸಬೇಡಿ. ಅಲ್ಲಿ ಯಾರೂ ಓದಲ್ಲ, ಓದಬಾರದು ಕೂಡ.

ಗಣಿತಕ್ಕೆ ಬೆಳಿಗ್ಗೆ ಅರ್ಧ ಗಂಟೆ ಹೊಂದಿಸಿ. ಆ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ಹಾಲು ಕರೆಯುವುದು ಯಾರು? ಮಗಳೇ ಆಗಿದ್ದರೆ, ಕೋಪ ಮಾಡಿಕೊಳ್ಳಬೇಡಿ, ಮಾರ್ಚಿನವರೆಗೆ ಆ ಕೆಲಸ ಮನೆಯಲ್ಲಿ ಬೇರೆಯವರು ಮಾಡಲಿ. ಅವಳ ಓದಿನ ಹೊತ್ತು ತಿನ್ನುವುದರಲ್ಲಿ ಹಾಡಿಗಿಂತ ಹಸುಗಳ ಪಾಲು ದೊಡ್ಡದಿರಬಹುದು. ಟ್ಯೂಷನ್ ಬೇಕೇ ಬೇಕು ಅಂತಿಲ್ಲ. ಗಣಿತ ಮೇಷ್ಟ್ರ ಹತ್ತಿರ ಹೋಗಿ "ಮೈನಸ್ಸು, ಭಿನ್ನರಾಶಿ, ಅಪವರ್ತನ ಮೊದಲಿಂದ ಹೇಳಿಕೊಡಿ" ಅಂತ ಹೀಗೇ ಕೇಳಿ. "ಮಾರ್ಕ್ಸ್ ಕಮ್ಮಿ ಬಂದಿದೆ ನೋಡಿ ಸರ್" ಅಂದರೆ ಅವರಿಗೂ ಎಲ್ಲಿಂದ ಹಿಡಿಯಬೇಕು ಅಂತ ತಿಳಿಯಲ್ಲ. ಕ್ಲಾಸಿನಲ್ಲಿ ಗಣಿತ ಬರುವ ಗೆಳತಿ ಇದ್ದರೆ ಇನ್ನೂ ಸುಲಭ, ಥ್ರೋಬಾಲ್ ಟೀಮಿನವಳೇ ಆಗಿದ್ದರೆ ಒಬ್ಬರನ್ನೊಬ್ಬರು ಬಿಟ್ಟುಕೊಡಲ್ಲ. 2024ರಿಂದ ಒಂದೇ ವರ್ಷದಲ್ಲಿ ಮತ್ತೊಮ್ಮೆ ಪರೀಕ್ಷೆ ಬರೆದು ಹೆಚ್ಚು ಬಂದ ಅಂಕ ಉಳಿಸಿಕೊಳ್ಳುವ ಅವಕಾಶವೂ ಇದೆ. ಇದನ್ನು ನೀವು ತಿಳಿದುಕೊಂಡಿರಿ, ಅವಳಿಗೆ ಈಗಲೇ ಹೇಳಬೇಡಿ!

ಈಗ ಮಗ.

"ನನ್ನ ಹೆಸರು ಸ್ಕೂಲಲ್ಲಿ ಯಾರಿಗೂ ಗೊತ್ತಿಲ್ಲ." ಇದನ್ನು ನಗುತ್ತಾ ಹೇಳುವ ಹುಡುಗರನ್ನು ನಾನು ಬಹಳ ನೋಡಿದ್ದೇನೆ. ಎಂಟನೇ ಕ್ಲಾಸಿನಲ್ಲಿ ನಗುತ್ತಾರೆ. ಒಂಬತ್ತರಲ್ಲಿ ಸೋಮವಾರ ಸೋಮವಾರ ಹೊಟ್ಟೆನೋವು ಬರುತ್ತದೆ. ಹತ್ತರಲ್ಲಿ ಕೆಲವರು ಗ್ಯಾರೇಜಿಗೋ ತೋಟದ ಕೂಲಿಗೋ ಹೋಗಿ ಹಾಜರಿ ಕಮ್ಮಿಯಾಗಿ ನಿಲ್ಲುತ್ತಾರೆ. ನಾವು ಆಗ ಮನೆ ಭೇಟಿಗೆ ಹೋಗುತ್ತಿದ್ದೆವು. ನನ್ನ ಅನುಭವದಲ್ಲಿ ಮನೆ ಭೇಟಿಗೆ ಹೋದ ಮನೆಗಳಲ್ಲಿ ಹಾಡಿನವಳ, ಕಬಡ್ಡಿಯವನ ಮನೆ ಅಪರೂಪ. ಅವರು ಅಂಕ ಕಮ್ಮಿ ಬಂದರೂ ಶಾಲೆಗೆ ಬರುತ್ತಾರೆ. ಬರುವುದಕ್ಕೆ ಅವರಿಗೆ ಇನ್ನೊಂದು ಕಾರಣ ಇರುತ್ತದೆ.

ಇದರಲ್ಲಿ ಶಾಲೆಯ ತಪ್ಪಿದೆ, ಒಪ್ಪಿಕೊಳ್ಳುತ್ತೇನೆ. ಹಾಡಿಗೂ ಅವಳೇ, ಆಟಕ್ಕೂ ಅವಳೇ, ಮಂತ್ರಿಯೂ ಅವಳೇ. ನಿಮ್ಮ ಮಗಳ ಹೆಸರು ಮೂರು ಕಡೆ ಇರುವುದಕ್ಕೂ ಮಗನ ಹೆಸರು ಎಲ್ಲೂ ಇಲ್ಲದ್ದಕ್ಕೂ ಮೂಲ ಒಂದೇ. ಹೆಚ್ಚಿನ ಸರ್ಕಾರಿ ಹೈಸ್ಕೂಲಿನಲ್ಲಿ ಸಂಗೀತದ ಟೀಚರ್ ಇಲ್ಲ. ಪಿಇ ಮೇಷ್ಟ್ರು ಇದ್ದರೆ ಒಬ್ಬರು. ಸ್ಪರ್ಧೆಯ ಪಟ್ಟಿ ನಾಳೆ ಸಂಜೆಯೊಳಗೆ ಕಳಿಸಿ ಅಂತ ಇವತ್ತು ಮಧ್ಯಾಹ್ನ ಮೆಸೇಜ್ ಬರುತ್ತದೆ. ಆಗ ಗೊತ್ತಿರುವ ನಾಲ್ಕು ಹೆಸರನ್ನೇ ಎಲ್ಲಾ ಕಡೆ ಬರೆದು ಕಳಿಸುತ್ತೇವೆ. ಗೆದ್ದು ಬಂದರೆ ಫೋಟೊ, ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಚಪ್ಪಾಳೆ. ಕಬಡ್ಡಿ ಟೀಮಿಗೆ ಹನ್ನೆರಡು ಜನ, ಥ್ರೋಬಾಲಿಗೆ ಹನ್ನೆರಡು. ಉಳಿದ ನೂರೈವತ್ತು ಮಕ್ಕಳು ಚಪ್ಪಾಳೆ ತಟ್ಟುವವರು. ನಾನೂ ಒಂಬತ್ತು ವರ್ಷ ಇದನ್ನೇ ಮಾಡಿದೆ.

ಒಂದು ವಾರ್ಷಿಕೋತ್ಸವದ ದಿನ ಮೈಕು ಕೈಕೊಟ್ಟಿತು. ಶಾಸಕರು ವೇದಿಕೆಯ ಮೇಲೆ ಕೂತಿದ್ದಾರೆ, ಪ್ರಾರ್ಥನೆ ಹಾಡುವ ಹುಡುಗಿಯರು ಬಾಯಿ ಅಲ್ಲಾಡಿಸುತ್ತಿದ್ದಾರೆ, ಶಬ್ದ ಇಲ್ಲ. ಮೈಕ್ ಸೆಟ್ಟಿನವನು ಟೀ ಕುಡಿಯಲು ಹೋಗಿದ್ದ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಸ್ಟೇಜಿನ ಕೆಳಗೆ ತೂರಿಕೊಂಡು ಹೋಗಿ ಎರಡು ವೈರು ಹಲ್ಲಿನಲ್ಲೇ ಸುಲಿದು ಜೋಡಿಸಿದ. ನಾನು ಗಾಬರಿಯಲ್ಲಿ ಬೈದೆ. ಆಮೇಲೆ ಹೆಸರು ಕೇಳಿದೆ. ಎರಡು ವರ್ಷ ನನ್ನ ಶಾಲೆಯಲ್ಲಿದ್ದ ಹುಡುಗ, ಹೆಸರು ನನಗೆ ಗೊತ್ತಿರಲಿಲ್ಲ. ಮಾರನೇ ದಿನದಿಂದ ಬೆಳಗಿನ ಪ್ರಾರ್ಥನೆಯ ಮೈಕು ಅವನ ಜವಾಬ್ದಾರಿ ಆಯಿತು (ಹಲ್ಲು ಬಳಸಬಾರದು ಅನ್ನುವ ಷರತ್ತಿನ ಮೇಲೆ). ಅದಾದ ಮೇಲೆ ಪ್ರಾರ್ಥನೆಗೆ ಅವನು ತಡವಾಗಿ ಬಂದದ್ದು ನನಗೆ ನೆನಪಿಲ್ಲ.

ನಿಮ್ಮ ಮಗ ಮಿಕ್ಸಿ ಬಿಚ್ಚುತ್ತಾನೆ ಅಂದಿರಿ. ಇದನ್ನು ಅವನ ಕ್ಲಾಸ್ ಟೀಚರಿಗೆ ಹೇಳಿ. ಅವರಿಗೆ ಗೊತ್ತಿರಲಿಕ್ಕಿಲ್ಲ. ಇನ್‌ಸ್ಪೈರ್ ಮಾನಕ್ ಅಂತ ಕೇಂದ್ರ ಸರ್ಕಾರದ ಯೋಜನೆ ಇದೆ. ಆರನೇ ಕ್ಲಾಸು ಮತ್ತು ಅದಕ್ಕಿಂತ ಮೇಲಿನ ಮಕ್ಕಳು ಹೊಸ ಯೋಚನೆಯೊಂದನ್ನು ಬರೆದು ಕಳಿಸಬಹುದು. ಶಾಲೆ ಐದು ಯೋಚನೆ ಆರಿಸಿ ಕಳಿಸಬಹುದು. ಆಯ್ಕೆಯಾದರೆ ಮಾದರಿ ಮಾಡಲು ₹10,000 ಮಗುವಿನ ಖಾತೆಗೇ ಬರುತ್ತದೆ. ಇದರಲ್ಲೊಂದು ಎಚ್ಚರ ಬೇಕು: ಅಂಗಡಿಯಿಂದ ಥರ್ಮಾಕೋಲ್ ಜ್ವಾಲಾಮುಖಿ ತಂದು ಕೊಡುವ ಕೆಲಸ ನೀವು ಮಾಡಬೇಡಿ, ಮೇಷ್ಟ್ರು ಮಾಡಲೂ ಬಿಡಬೇಡಿ. ತೆಂಗಿನಕಾಯಿ ಸುಲಿಯುವುದೋ ಹಸುವಿನ ನೀರಿನ ತೊಟ್ಟಿಯೋ, ಅವನ ಕಣ್ಣೆದುರಿನ ಯಾವುದಾದರೂ ತೊಂದರೆ ಇರಲಿ. ಆಯ್ಕೆ ಆಗದಿದ್ದರೂ ಪರವಾಗಿಲ್ಲ, ವಿಜ್ಞಾನ ಮೇಷ್ಟ್ರಿಗೆ ಹೆಸರು ಗೊತ್ತಾಗಿರುತ್ತದೆ.

ಇನ್ನೊಂದು ಇದಕ್ಕಿಂತ ಅರ್ಜೆಂಟು. ಅವನು ಎಂಟನೇ ಕ್ಲಾಸು, ಎನ್‌ಎಂಎಂಎಸ್ ಪರೀಕ್ಷೆ ಬರೆಯುವುದು ಇದೊಂದೇ ವರ್ಷ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ ಇರುವ ವಿದ್ಯಾರ್ಥಿವೇತನ ಇದು, ಭಾವನವರ ಮಗನಿಗೆ ಸಿಗಲ್ಲ. ಮನೆಯ ವರಮಾನ ವರ್ಷಕ್ಕೆ ₹3.5 ಲಕ್ಷ ದಾಟಿರಬಾರದು, ಏಳನೇ ಕ್ಲಾಸಿನಲ್ಲಿ ಶೇ 55 ಬಂದಿರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50. ತೊಂಬತ್ತು ತೊಂಬತ್ತು ಅಂಕದ ಎರಡು ಪತ್ರಿಕೆ. ಒಂದರಲ್ಲಿ ಪಾಠದ ಪ್ರಶ್ನೆ. ಇನ್ನೊಂದರಲ್ಲಿ ಸಂಖ್ಯೆಯ ಸಾಲು, ಚಿತ್ರದ ಸಾಲು ನೋಡಿ ಮುಂದಿನದ್ದು ಹೇಳುವಂಥವು. ಮಿಕ್ಸಿ ಬಿಚ್ಚಿ ಮತ್ತೆ ಜೋಡಿಸುವ ಹುಡುಗರಿಗೆ ಈ ಎರಡನೆಯದು ಆಟ ಇದ್ದಂತೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ ₹12,000. ಅರ್ಜಿ ಹಾಕುವುದು ಶಾಲೆಯ ಮೂಲಕ, ವರಮಾನ ಪತ್ರ ಬೇಕು, ನಾಡಕಚೇರಿಯಲ್ಲಿ ಅದಕ್ಕೆ ದಿನ ಹಿಡಿಯುತ್ತದೆ. ಕೊನೆಯ ದಿನಾಂಕ ಪ್ರತಿ ವರ್ಷ ಒಂದೇ ಇರಲ್ಲ.

ನಾಳೆ ಶಾಲೆಗೆ ಹೋದಾಗ ಮೊದಲು ಅದನ್ನು ಕೇಳಿ. ಮಗಳ ಹಾಡಿಗೆ ಇನ್ನೂ ಒಂದು ತಿಂಗಳು ಟೈಮಿದೆ.